ಎಲ್ಲರಿಗಿಂತ ಹಿಂದೆ ಬರುತ್ತಿದ್ದ ಮಲ್ಲಣ್ಣ

ಮಲ್ಲಣ್ಣನವರಷ್ಟು ಪುಕ್ಕಲು ಮನುಷ್ಯರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಗುಡುಗಿದರೆ ಅಂಗಡಿಯ ಶಟರ್ ಅರ್ಧ ಎಳೆಯುವವರು, ಬೀದಿನಾಯಿ ಕಂಡರೆ ಓಣಿಯನ್ನೇ ಬದಲಿಸುವವರು, ಬಸ್ಸಿನಲ್ಲಿ ಕಿಟಕಿ ಪಕ್ಕ ಜಪ್ಪಯ್ಯ ಅಂದರೂ ಕೂರದವರು. ಇಂಥವರು ಪ್ರತಿ ಚಳಿಗಾಲಕ್ಕೂ ಕೊಟ್ಟೂರಿನ ನಮ್ಮ ಏಳೆಂಟು ಮಂದಿಯನ್ನು ಕಟ್ಟಿಕೊಂಡು ಸೈಕಲ್ ಮೇಲೆ ಗುಡ್ಡಗಾಡು ಸುತ್ತಿಸುತ್ತಿದ್ದರು ಎಂದರೆ ಕೇಳಿದವರು ನಗುತ್ತಾರೆ. ನಗಲಿ.

ತೊಂಬತ್ತರ ದಶಕದ ಮಾತು. ಅವರದು ಬಟ್ಟೆ ಅಂಗಡಿ, ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಟೀಚರು. ಗಂಡಸರೂ ಇರುವ ಪ್ರವಾಸಕ್ಕೆ ನಮ್ಮವ್ವ ಒಪ್ಪುವ ಮಾತೇ ಇರಲಿಲ್ಲ. ಮಲ್ಲಣ್ಣನವರು ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು.

"ಯವ್ವಾ, ಧೈರ್ಯಸ್ಥರ ಜೋಡಿ ಮಗಳನ್ನ ಕಳಸಬ್ಯಾಡ್ರಿ. ಅವ್ರು ಎಲ್ಲಿ ಬೇಕಾದಲ್ಲಿ ನುಗ್ತಾರ. ನಾ ಪುಕ್ಕಲ ಅದೀನಿ, ನನ್ನ ಜೋಡಿ ಕಳಸ್ರಿ. ಹೆಂಗ ಕರ್ಕೊಂಡು ಹೋಗ್ತೀನೋ ಹಂಗ ತಂದು ಬಿಡ್ತೀನಿ."

ಅವ್ವ ನಕ್ಕುಬಿಟ್ಟಳು. ನಕ್ಕ ಮೇಲೆ ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅವರು ಯಾವಾಗಲೂ ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ಕೊರಳಲ್ಲಿ ಒಂದು ಸೀಟಿ. ಅದು ಕೇಳಿದ ಕೂಡಲೇ ಎಲ್ಲರೂ ಬ್ರೇಕ್ ಹಿಡಿಯಬೇಕು. ಇಳಿಜಾರಿನಲ್ಲಿ ಮಾತ್ರ ಯಾರೂ ಹಿಂದೆ ತಿರುಗಿ ನೋಡಬಾರದು. "ಹಿಂದ ನಾ ಅದೀನಲ್ಲ. ನಿಮ್ಮ ಕಣ್ಣು ದಾರಿ ಮ್ಯಾಲಿರ್ಲಿ" ಎನ್ನುತ್ತಿದ್ದರು. ಆ ಸೀಟಿಗೆ ಬಿಡುವೆಂಬುದೇ ಇರಲಿಲ್ಲ. ಮೋಡ ಕಂಡರೆ ಸೀಟಿ, ಮೇಕೆ ಅಡ್ಡ ಬಂದರೆ ಸೀಟಿ. ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ ಡ್ರಿಲ್ ಮೇಷ್ಟ್ರು ಶರಣಪ್ಪ ರೇಗುತ್ತಿದ್ದರು: "ಮಲ್ಲಣ್ಣಾರ, ಮ್ಯಾಕಿ ನಮ್ಮನ್ನ ನೋಡಿ ಅಂಜಬೇಕ್ರಿ, ನೀವ್ಯಾಕ ಅಂಜ್ತೀರಿ?"

ಒಂದು ವರ್ಷ ಗುಡೇಕೋಟೆ ಕಡೆಗೆ ಹೋದೆವು. ಕೂಡ್ಲಿಗಿ ದಾಟಿ, ಬಂಡೆಗಳ ಮಧ್ಯದ ಏರನ್ನು ಸೈಕಲ್ ನೂಕಿಕೊಂಡೇ ಹತ್ತಿದೆವು. ಆಚೆಗಿನ ಇಳಿಜಾರು ಬರೀ ಕಲ್ಲು, ತಿರುವು, ಪಕ್ಕದಲ್ಲಿ ಕಂದಕ. ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ತಳದ ಹಳ್ಳಿಗೆ ಇಳಿದು, ಬದುಕಿದೆವಲ್ಲ ಎಂದು ನಗುತ್ತಾ ಅಲ್ಲಿನ ಹೋಟೆಲಿನಲ್ಲಿ ಚಹಾ ಕುಡಿದೆವು. ಮಲ್ಲಣ್ಣ ಬಂದಿರಲಿಲ್ಲ.

"ಬರ್ತಾರ ಬಿಡ್ರಿ, ಇಳಿಜಾರಾಗೂ ನೂಕ್ಕೊಂಡು ಬರೋ ಮನುಷ್ಯಾ" ಎಂದರು ಶರಣಪ್ಪ.

ಇನ್ನೊಂದು ಸುತ್ತು ಚಹಾ ಮುಗಿಯಿತು. ಹೋಟೆಲಿನ ಹೆಂಗಸು ಗುಡ್ಡದ ಕಡೆ ನೋಡಿದಳು. "ಲಗೂನ ಹೋಗಿ ನೋಡ್ರಿ. ಹೊತ್ತು ಮುಣುಗಿದ್ರ ಕರಡಿ ಇಳೀತಾವ."

ನಾನು ಲೋಟ ಕೆಳಗಿಟ್ಟೆ. ನಮ್ಮೆಲ್ಲರ ಹಿಂದೆ ಅವರಿದ್ದರು. ಅವರ ಹಿಂದೆ ಯಾರಿದ್ದರು? ತಿರುಗಿ ನೋಡಬೇಡಿ ಎಂದಿದ್ದರು, ನಾವೂ ನೋಡಿರಲಿಲ್ಲ. ಏನಾದರೂ ಆಗಿದ್ದರೆ ಸೀಟಿ ಕೇಳುತ್ತಿತ್ತು ಎಂದು ಯಾರೋ ಸಮಾಧಾನ ಹೇಳಿದರು. ನನಗೆ ಅದರಿಂದಲೇ ಹೆಚ್ಚು ಭಯವಾಯಿತು. ಮೇಕೆಗೆ ಸೀಟಿ ಊದುವ ಮನುಷ್ಯ ಊದಿಲ್ಲವೆಂದರೆ, ಊದುವ ಸ್ಥಿತಿಯಲ್ಲಿ ಇದ್ದಾರೋ ಇಲ್ಲವೋ.

ಸೈಕಲ್ಲುಗಳನ್ನು ಅಲ್ಲೇ ಬಿಟ್ಟು, ಕೂಗುತ್ತಾ ಗುಡ್ಡ ಹತ್ತಿದೆವು. ಬೆಳಕು ಕರಗುತ್ತಿತ್ತು. ಕಪ್ಪು ಬಂಡೆ ಕಂಡಲ್ಲೆಲ್ಲ ಕರಡಿಯೇ ಕೂತಂತೆ ಕಾಣುತ್ತಿತ್ತು. ಬದುಕಿರಲಿ, ಬದುಕಿದ್ದರೆ ಸಾಕು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ ಓಡಿದೆ. ಮೇಲಿನ ತಿರುವೊಂದರಲ್ಲಿ, ಪೊದೆಯೊಳಗಿಂದ ಸೈಕಲ್ಲಿನ ಗಾಲಿ ಕಂಡಿತು. ಪಕ್ಕದಲ್ಲಿ ಬಂಡೆಗೆ ಒರಗಿ ಮಲ್ಲಣ್ಣ ಕೂತಿದ್ದರು. ಒಂದು ಪಾದ ಸೊಟ್ಟಗಾಗಿ ಊದಿಕೊಂಡಿತ್ತು. ಸೀಟಿ ಮುಷ್ಟಿಯಲ್ಲಿತ್ತು.

ಅವರನ್ನು ಜೀವಂತ ಕಂಡ ಕೂಡಲೇ ಶರಣಪ್ಪನವರಿಗೆ ಸಿಟ್ಟು ಬಂತು. "ಸೀಟಿ ಕೈಯಾಗ ಐತಲ್ರಿ! ಊದಾಕ ಏನಾಗಿತ್ತು ನಿಮಗ?"

"ಊದಿದ್ರ ನೀವೆಲ್ಲಾ ಆ ಇಳಿಜಾರಾಗ ಗಪ್ಪನ ಬ್ರೇಕ್ ಹಿಡೀತಿದ್ರಿ. ಒಬ್ರ ಮ್ಯಾಲೊಬ್ರು ಬಿದ್ದು ಕಂದಕ ಸೇರ್ತಿದ್ರಿ. ತಳಾ ಮುಟ್ಟಿದ್ರೋ ಇಲ್ಲೋ, ಇಲ್ಲಿಂದ ನನಗ ಹೆಂಗ ಕಾಣಬೇಕು?"

ಅಷ್ಟು ಹೇಳಿ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ಸಣ್ಣ ದನಿಯಲ್ಲಿ ಕೇಳಿದರು: "ಇಲ್ಲಿ ಕರಡಿ ಅದಾವಂತ, ಖರೇನೇನ್ ತಂಗೆವ್ವಾ?" ಆಗ ಗಡಗಡ ನಡುಗತೊಡಗಿದರು. ನಾನು ಅತ್ತೇಬಿಟ್ಟೆ.

ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಪ್ರವಾಸವೂ ನಿಂತಿತು. ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಅಂಗಡಿಯಲ್ಲಿ ಕೂತಿದ್ದಾಗಲೇ ಎದೆನೋವು ಬಂದು ತೀರಿಕೊಂಡರು. ಆ ಚಳಿಗಾಲ, ಅವರ ನೆನಪಿಗೆಂದು ನಾವು ಹಳೆಯ ಮಂದಿ ಅದೇ ದಾರಿ ಹಿಡಿದೆವು. ಏರನ್ನೇನೋ ಹತ್ತಿದೆವು. ಇಳಿಜಾರಿನ ಬಾಯಿಗೆ ಬಂದಾಗ ಶರಣಪ್ಪ ಕೇಳಿದರು, "ಹಿಂದ ಯಾರು ಬರ್ತೀರಿ?"

ಆ ಜಾಗಕ್ಕೆ ಯಾರೂ ಮುಂದಾಗಲಿಲ್ಲ. ಕೇಳಿದ ಶರಣಪ್ಪನವರೂ ನೆಲ ನೋಡುತ್ತಾ ನಿಂತರು. ಕೊನೆಗೆ ನಾವೆಲ್ಲ ಸೈಕಲ್ ತಿರುಗಿಸಿ, ಬಂದ ದಾರಿಯಲ್ಲೇ ನಡೆದುಕೊಂಡು ವಾಪಸು ಹೊರಟೆವು.