ನಡುವಿನ ಗೊಂಬಿ

ಐದು ಗೊಂಬಿ ಮಾಡಬೇಕಿತ್ತು. ಮೊದಲನೇದು ಮಂಗ್ಯಾ, ಕಡೇದು ಮನುಷ್ಯಾ, ನಡುವಿನ ಮೂರು ಒಂದಕ್ಕಿಂತ ಒಂದು ನೆಟ್ಟಗ ನಿಲ್ಲೋವು. ಆಗ ನಿಜಾಮರ ರಾಜ್ಯ. ಕಲಬುರ್ಗಿಯ ಒಂದು ಶಾಲೆಯೊಳಗ ನಾ ವಿಜ್ಞಾನದ ಮಾಸ್ತರ, ಉರ್ದುವಿನ್ಯಾಗ ಪಾಠ ಹೇಳತಿದ್ದೆ. ಮನುಷ್ಯಾ ಹೆಂಗ ಆದ ಅಂತ ಬಾಯಿಲೆ ಎಷ್ಟು ಹೇಳಿದರೂ ಹುಡುಗರ ತಲಿಗೆ ಹೋಗಲಿಲ್ಲ. ಸಾಲಾಗಿ ಗೊಂಬಿ ಇಟ್ಟರ ತಿಳೀತದ ಅಂದುಕೊಂಡೆ.

ಮಣ್ಣಿನ ಕೆಲಸ ನನಗ ಹೊಸದಲ್ಲ. ಕಮಲಾಪುರದಾಗ ಮಣ್ಣೆತ್ತಿನ ಅಮಾಸಿ ಬಂತಂದರ ಓಣಿಗೆಲ್ಲ ಎತ್ತು ಮಾಡಿಕೊಡಾಂವ ನಾನೇ. ಅಣ್ಣ ಮಾಡಿದ ಎತ್ತಿಗೆ ಕಾಲೇ ನಿಲ್ಲತಿರಲಿಲ್ಲ. ಅವನು ಅಪ್ಪನ ಜೋಡಿ ಬಾಳಿ ತೋಟಕ್ಕ ಹೋದ, ನಾ ಪುಸ್ತಕ ಹಿಡಕೊಂಡು ಊರು ಬಿಟ್ಟೆ. ಅಪ್ಪ ತೀರಿಕೊಂಡ ಮ್ಯಾಲ ನನ್ನವರು ಅಂತ ಉಳಿದಾಂವ ಅಣ್ಣ ಒಬ್ಬನೇ. ಕೋಟೆ ಹತ್ತಿರದ ಖೋಲಿಯೊಳಗ ನಾನೇ ಬೇಯಿಸಿಕೊಂಡು ನಾನೇ ಉಣ್ಣತಿದ್ದೆ. ಸಂತಿ ದಿನ ಅವನು ಬಾಳಿಹಣ್ಣಿನ ಬಂಡಿ ಹೊಡಕೊಂಡು ಬಂದಾಗಷ್ಟೇ ಇಬ್ಬರ ಊಟ. ಆ ಒಂದು ದಿನದ ಸಲುವಾಗಿ ವಾರ ತಳ್ಳತಿದ್ದೆ ಅಂದರ ಸುಳ್ಳಲ್ಲ.

ಮಂಗ್ಯಾ ಸಲೀಸಾಗಿ ಆತು. ನಟ್ಟ ನಡುವಿನ ಮೂರನೇದು ಮಾತ್ರ ಜೀವ ತಿಂತು. ಅರ್ಧ ಮಂಗ್ಯಾ, ಅರ್ಧ ಮನುಷ್ಯಾ, ಅಂಥಾದ್ದು ನಾ ಎಲ್ಲಿ ನೋಡಿದ್ದೆ? ಮೂರು ಸಲ ಮಾಡಿ ಮೂರು ಸಲ ಮುದ್ದಿ ಮಾಡಿದೆ. ನಾಕನೇ ಸಲ ಕೈ ತಾನೇ ಓಡಿತು. ಮುಂದಕ್ಕ ಬಿದ್ದ ಕುತ್ತಿಗಿ, ಬಾಗಿದ ಬೆನ್ನು, ಮೊಣಕಾಲ ತನಕ ಇಳಿಬಿದ್ದ ಕೈ. ಭಲೇ ಅಂತ ನನಗ ನಾನೇ ಶಹಬ್ಬಾಸ್ ಹೇಳಿಕೊಂಡೆ. ಎಂಥ ಹುಚ್ಚ ನಾನು!

ಮುಂದಿನ ಸಂತಿಗೆ ಅಣ್ಣ ನೇರ ಶಾಲೆಗೇ ಬಂದ. ಉಬ್ಬಿಹೋಗಿ ಮೇಜಿನ ಮ್ಯಾಲಿನ ಸಾಲು ತೋರಿಸಿದೆ. "ಇದು ಮಂಗ್ಯಾ, ಇದರಿಂದ ಇದು, ಇದರಿಂದ ಇದು..." ಅವನ ಕಣ್ಣು ನಡುವಿನ ಗೊಂಬಿ ಬಿಟ್ಟು ಕದಲಲಿಲ್ಲ.

"ಅಪ್ಪನ್ನ ಮಂಗ್ಯಾನ ಸಾಲಿನ್ಯಾಗ ನಿಲ್ಲಿಸಿಯಲ್ಲೋ ತಮ್ಮಾ," ಅಂದ.

ಆವಾಗ ನನಗ ಕಂಡಿತು. ಬಾಳಿಗೊನಿ ಹೊತ್ತು ಹೊತ್ತು ಬಾಗಿದ ಅಪ್ಪನ ಬೆನ್ನೇ ಅದು. ನಾ ಬಾಯಿ ತೆಗೆಯೋದರೊಳಗ ಅಣ್ಣ ಬಂಡಿ ಹತ್ತಿದ್ದ. ನಾಚಿಕಿಗೆ ಅವತ್ತೇ ಆ ಗೊಂಬಿ ನೀರಿಗೆ ಹಾಕಿ ಕಲಸಿಬಿಟ್ಟೆ.

ಎರಡು ವರ್ಷ ಅವನು ಖೋಲಿಗೆ ಬರಲಿಲ್ಲ. ನನಗೂ ಸೊಕ್ಕು, ನಾನೂ ಊರಿಗೆ ಹೋಗಲಿಲ್ಲ. ಸಂತಿ ದಿನ ಇಬ್ಬರಿಗಾಗುವಷ್ಟು ರೊಟ್ಟಿ ಬಡಿದಿಟ್ಟು ಮರುದಿನ ಅವನ್ನೇ ತಿಂತಿದ್ದೆ. ಕಣ್ಣೀರು ಬರತಿತ್ತು, ಯಾಕ ಸುಳ್ಳು ಹೇಳಲಿ?

ಆಮ್ಯಾಲೊಂದು ಹೊಸ ಪುಸ್ತಕ ಕೈಗೆ ಬಂತು. ಓದಿದರ, ನಾ ಇಟ್ಟ ಸಾಲೇ ತಪ್ಪು! ಹೋಗಾಕ ಒಂದು ನೆವ ಸಿಕ್ಕಿತು ಅಂತ ಕಮಲಾಪುರಕ್ಕ ಓಡಿದೆ. ಅಣ್ಣ ತೋಟದಾಗ ಬಾಳಿಯ ಬುಡದ ಗಡ್ಡಿಯಿಂದ ಒಡೆದ ಮರಿಗಿಡ, ಕಂದು, ಅಗೆದು ತೆಗೆಯಾಕತ್ತಿದ್ದ.

"ಅಣ್ಣಾ, ಈಗಿನ ಮಂಗ್ಯಾ ನಮ್ಮ ಮುತ್ಯಾ ಅಲ್ಲ. ಅದೂ ನಾವೂ ಒಂದೇ ಗಡ್ಡಿಯ ಎರಡು ಕಂದು ಇದ್ದಂಗ. ಹಡೆದ ಗಿಡ ಯಾವಾಗೋ ಹೋಗ್ಯದ. ಸಾಲಿನ್ಯಾಗ ಯಾರನ್ನೂ ನಿಲ್ಲಿಸೂಹಂಗಿಲ್ಲ."

ಅವನು ಕೈ ಒರಸಿಕೊಂಡು ಬಾಜೂಕ ಕುಂತ.

"ಅದಿರಲಿ ತಮ್ಮಾ. ಮನಿಯಾಗ ಅಪ್ಪಂದೊಂದು ಫೋಟೋ ಇಲ್ಲ. ಅವನು ಹೆಂಗ ನಿಲ್ಲತಿದ್ದ ಅಂಬೋದು ನನಗ ಮರಿಯಾಕತ್ತದ. ಆ ಗೊಂಬಿ ಕೇಳಬೇಕಂತ ಎಷ್ಟು ಸಲ ನಿನ್ನ ಬಾಗಿಲ ತನಕ ಬಂದು ಹೊಳ್ಳಿ ಹೋಗೇನಿ. ಈಗ ಕೊಡಪಾ."

ಕಲಸಿಬಿಟ್ಟೆ ಅಂತ ಹೇಳಿದೆ. ಅವನು ಬೈಯಲಿಲ್ಲ. ಕಾಲುವಿ ದಂಡಿಯ ಹಸಿ ಮಣ್ಣು ತಂದು ನನ್ನ ಕೈಯಾಗ ಇಟ್ಟ. ಹೊತ್ತು ಮುಳುಗೂ ತನಕ ಮಾಡಿದೆ. ಯಾರ್ಯಾರದೋ ಬೆನ್ನು ಬಂತು, ಅಪ್ಪಂದು ಬರಲಿಲ್ಲ.