ಹಸುವಿನ ಬಾಯಿಗೆ ಕೈ ಹಾಕಿದವರು

ನಾನು ಸೂಜಿ ಹಾಕಿಸಿಕೊಂಡೆ, ಅತ್ತಿಗೆಗೆ ಹೇಳಲಿಲ್ಲ. ನಾನು ಮಾಡಿದ ತಪ್ಪು ಇಷ್ಟೇ — ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಸಾಲನ್ನು ಬಾಯಿಬಿಟ್ಟು ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷವಿಡೀ ಅತ್ತಿಗೆ ನೀರು ಕುಡಿಯುವುದನ್ನು ನಾನು ಕದ್ದು ಕದ್ದು ನೋಡುತ್ತಿದ್ದೆ.

ಕೊರೊನಾ ಕಾಲದಲ್ಲಿ ನಮ್ಮೂರಿನಲ್ಲಿ ನನ್ನದೇ ದೊಡ್ಡ ಬಾಯಿ. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ ಎಂದು ನಾಲ್ಕು ಜನ ನನ್ನ ಮಾತು ಕೇಳುತ್ತಿದ್ದರು. ಗೇಟಿನಲ್ಲಿ ಮಾಸ್ಕು ಮೂಗಿನ ಮೇಲೆ, ಒಳಗೆ ಹೋದ ಕೂಡಲೇ ಗದ್ದದ ಕೆಳಗೆ. ಲಸಿಕೆ ಹಾಕುವವರು ಊರಿಗೆ ಬಂದ ದಿನ ಹಾಲಿನ ಡೈರಿ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ್ದೆ: "ಇದ್ಯಾವ ಸೀಮೆ ರೋಗ ಕಣ್ಲಾ, ದೊಡ್ಡ ನೆಗಡಿ ಅಷ್ಟೆ. ಬಂದೋರೆಲ್ಲ ಸಾಯೋ ಅಂಥ ರೋಗ ಬರ್ಲಿ, ಆಗ ಮೊದ್ಲು ನಾನೇ ತೋಳು ಕೊಡ್ತೀನಿ." ಜನ ನಕ್ಕರು. ಲಸಿಕೆಗೆಂದು ಬಂದಿದ್ದ ಅತ್ತಿಗೆಯೂ ನಕ್ಕು ಮನೆಗೆ ವಾಪಸಾದಳು. ತಾಯಿ ಇಲ್ಲದ ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳು. ಓದಿದ ಮೈದುನನ ಮಾತೆಂದರೆ ಅವಳಿಗೆ ವೇದವಾಕ್ಯ.

ಅಂಥ ರೋಗ ಬಂತು — ನಮ್ಮ ಕೊಟ್ಟಿಗೆಗೇ.

ಹೋದ ವರ್ಷ, ಮಾವಿನ ಕಾಲ. ಕೃಷ್ಣಗಿರಿ ರಸ್ತೆಯ ನಮ್ಮ ಕಡೆ ಆಗ ಹಸು ಮೇವು ಬಿಟ್ಟು ಜೊಲ್ಲು ಸುರಿಸಿದರೆ ಎಲ್ಲರೂ ಹೇಳುವುದು ಒಂದೇ: ಗಂಟಲಲ್ಲಿ ವಾಟೆ, ಅಂದರೆ ಮಾವಿನ ಗೊರಟು, ಸಿಕ್ಕಿಕೊಂಡಿದೆ. ಉದುರಿದ ಹಣ್ಣನ್ನು ಇಡಿಯಾಗಿ ನುಂಗಿರುತ್ತದೆ, ಕೈ ಹಾಕಿ ತೆಗೆಯಬೇಕು. ಅಣ್ಣ ಊರಲ್ಲಿರಲಿಲ್ಲ. ನಾನು ದವಡೆ ಅಗಲಿಸಿ ಹಿಡಿದೆ. ಅತ್ತಿಗೆಯ ಕೈ ಸಣ್ಣದು — ಮೊಣಕೈವರೆಗೆ ಒಳಗೆ ಬಿಟ್ಟು ತಡಕಿದಳು. ಏನೂ ಸಿಗಲಿಲ್ಲ. ಹಲ್ಲು ತಗುಲಿ ಮಣಿಕಟ್ಟು ತರಚಿತು, ಅರಿಶಿನ ಹಚ್ಚಿಕೊಂಡು ಒಲೆ ಮುಂದೆ ಹೋಗಿ ಕೂತಳು. "ಎಲ್ಲೋ ಒಳಕ್ಕೆ ಜಾರ್ಬುಟ್ಟೈತೆ ಬುಡಪ್ಪ," ಅಂದಳು.

ಸಂಜೆಗೆ ಹಸುವಿನ ಕೂಗು ಒಡೆದುಹೋಯಿತು. ದನದ ಡಾಕ್ಟರನ್ನು ನಾನೇ ಬೈಕಿನಲ್ಲಿ ಕರೆತಂದೆ. ಅವರು ದೂರದಿಂದಲೇ ನೋಡಿ, ಮೂತಿಯ ಮೇಲಿನ ಒಣಗಿದ ಗಾಯ ತೋರಿಸಿ, ನಾಯಿ ಕಚ್ಚಿತ್ತಾ ಎಂದು ಕೇಳಿದರು. ಕಚ್ಚಿತ್ತು. ಬೇಲಿಯ ಹತ್ತಿರ, ಬೀದಿನಾಯಿ — ನಾನೇ ಕಲ್ಲು ಹೊಡೆದು ಓಡಿಸಿ ಮರೆತಿದ್ದೆ. ಡಾಕ್ಟರು ನನ್ನನ್ನು ಈಚೆ ಕರೆದು ತಮಿಳಿನಲ್ಲಿ ಹೇಳಿದರು: "ವಾಯಿಲ ಕೈ ವಿಟ್ಟವಂಗ ಎಲ್ಲಾರುಂ ಉಡನೇ ಊಸಿ ಪೋಟ್ಟುಕ್ಕೋಂಗ." ಬಾಯಿಗೆ ಕೈ ಹಾಕಿದವರೆಲ್ಲ ಕೂಡಲೇ ಸೂಜಿ ಹಾಕಿಸಿಕೊಳ್ಳಿ. ಹುಚ್ಚುನಾಯಿ ರೋಗ, ಲಕ್ಷಣ ಕಂಡ ಮೇಲೆ ಉಳಿಯುವುದಿಲ್ಲ ಅಂದರು. ಎಲ್ಲರೂ — ಆ ಮಾತು ನನಗೆ ಚೆನ್ನಾಗಿಯೇ ಕೇಳಿಸಿತ್ತು.

ಒಳಗೆ ಬಂದೆ. "ಏನಂತೆ?" ಎಂದು ಅತ್ತಿಗೆ ಕೇಳಿದಳು.

"ವಾಟೆನೇ ಅಂತೆ ಅತ್ಗೆ. ತಡ ಆಗೋಯ್ತಂತೆ," ಅಂದೆ.

ಯಾಕೆ ಹಾಗಂದೆ? ಹಾಲು ಕೊಂಡ ಮನೆಯವರು ಜಗಳಕ್ಕೆ ಬರುತ್ತಾರೆಂದೇ — ಅಲ್ಲ. ಅವಳು ಹೆದರುತ್ತಾಳೆಂದೇ — ಅದೂ ಅಲ್ಲ. ನಿಜ ಹೇಳಿದ್ದರೆ ನಾವಿಬ್ಬರೂ ಒಟ್ಟಿಗೆ ಸೂಜಿಗೆ ಹೋಗಬೇಕಿತ್ತು, ಊರು ನೋಡುತ್ತಿತ್ತು, ಡೈರಿ ಮುಂದೆ ಯಾರಾದರೂ "ಏನಣ್ಣ, ತೋಳು ಕೊಡಕ್ಕೆ ಹೊಂಟ್ಯಾ?" ಅನ್ನುತ್ತಿದ್ದರು. ಆ ನಗುವಿಗೆ ಹೆದರಿದೆ. ಅಷ್ಟು ಸಣ್ಣ ಮನುಷ್ಯ ನಾನು.

ಮರುದಿನವೇ ಓವರ್‌ಟೈಮ್ ಎಂದು ಸುಳ್ಳು ಹೇಳಿ ಕೃಷ್ಣಗಿರಿಗೆ ಹೋದೆ. ಹೊಸೂರಿನಲ್ಲಾದರೆ ಗುರುತಿನವರು ಸಿಗುತ್ತಾರೆ. ಆಸ್ಪತ್ರೆಯಲ್ಲಿ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತಿದ್ದೆ — ರೋಗಕ್ಕಲ್ಲ, ಮುಖ ಮುಚ್ಚಿಕೊಳ್ಳಲು. ಅವರು ಹೇಳಿದ ದಿನಗಳಲ್ಲೆಲ್ಲ ಹೋದೆ, ಒಂದೂ ತಪ್ಪಿಸಲಿಲ್ಲ. ಸಾಯಿಸುವಂಥ ರೋಗ ಬಂದರೆ ಜನ ಬದಲಾಗುತ್ತಾರಾ ಎಂದು ಈಗಲೂ ನಮ್ಮ ಕ್ಯಾಂಟೀನಿನಲ್ಲಿ ವಾದ ನಡೆಯುತ್ತದೆ. ನಾನು ಬದಲಾದೆ, ನನ್ನ ತೋಳಿನ ಮಟ್ಟಿಗೆ. ಅದನ್ನು ಹೇಳಲಾರದೆ ತಲೆ ತಗ್ಗಿಸಿ ಊಟ ಮಾಡುತ್ತೇನೆ.

ಹಸು ಆ ವಾರವೇ ಸತ್ತಿತು. ನನ್ನ ನೆಮ್ಮದಿಯೂ ಹೋಯಿತು. ಅತ್ತಿಗೆ ಮಣಿಕಟ್ಟು ತುರಿಸಿಕೊಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದೆ. ನೀರು ಕುಡಿಯುತ್ತ ಕೆಮ್ಮಿದರೆ ಊಟ ಬಿಟ್ಟು ಏಳುತ್ತಿದ್ದೆ. ಈ ರೋಗ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದ ಮೇಲೂ ಮೈಯಲ್ಲಿ ಸುಮ್ಮನಿದ್ದು ಏಳಬಹುದಂತೆ — ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ... ಹೋದ ವಾರ ಅದೇ ಆಸ್ಪತ್ರೆಗೆ ಹೋಗಿ, ಈಗ ಹಾಕಿಸಿದರೂ ಆಗುತ್ತಾ ಎಂದು ಕೇಳಿದೆ. ಎಷ್ಟೇ ತಡವಾಗಿದ್ದರೂ ಹಾಕಿಸಲೇಬೇಕು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನರ್ಸಮ್ಮ ಬೈದರು.

ಮೊನ್ನೆ ಬೆಳಿಗ್ಗೆ ಅತ್ತಿಗೆ ಕೊಟ್ಟಿಗೆ ಗುಡಿಸುತ್ತಿದ್ದಾಗ ಎದುರು ನಿಂತು ಎಲ್ಲ ಹೇಳಿದೆ. ನಾನು ಹಾಕಿಸಿಕೊಂಡದ್ದನ್ನೂ. ಪೊರಕೆ ಎತ್ತುತ್ತಾಳೆ ಅಂದುಕೊಂಡೆ. ಎತ್ತಲಿ ಎಂದೇ ಕಾದೆ. ಅವಳು ಪೊರಕೆ ಕೆಳಗಿಟ್ಟಳು. ತನ್ನ ಕೈಯನ್ನು ನೋಡಿಕೊಳ್ಳಲಿಲ್ಲ.

"ಅವತ್ತು ನಮ್ ಪುಟ್ಟೀನೂ ಇದ್ಲಲ್ಲಪ್ಪ, ರಜಕ್ಕೆ ಬಂದು," ಅಂದಳು. "ಬಿದ್ದು ಮಂಡಿ ತರ್ಚ್ಕೊಂಡಿದ್ಲು. ಅದ್ನ ಹಸ ನೆಕ್ತಾ ಇತ್ತು ಕಣಪ್ಪ."

ಪುಟ್ಟಿ ಅವಳ ಮಗಳ ಮಗಳು. ವರ್ಷವಿಡೀ ಅಷ್ಟೊಂದು ಹೆದರಿದ ನನಗೆ ಆ ಮಗುವಿನ ನೆನಪೇ ಬಂದಿರಲಿಲ್ಲ.

ಆಗಲೇ ಹೊರಟೆವು. ಬಸ್ಸಿನಲ್ಲಿ ಅತ್ತಿಗೆ ನನ್ನ ಪಕ್ಕ ಕೂರಲಿಲ್ಲ. ಮತ್ತಿಗಿರಿಯಲ್ಲಿ ಮಗಳ ಮನೆಯ ಬಾಗಿಲು ತಟ್ಟಿ, ಪಕ್ಕಕ್ಕೆ ಸರಿದು ನಿಂತು, "ನೀನೇ ಹೇಳು," ಅಂದಳು.

ಹೇಳಿದೆ.