ಗುಳಿಗೆ ನುಂಗಿದ ಉಪವಾಸ

ಸ್ನೇಹಿತರೇ, ನಾನು ಬೆಲ್ಲದ ನೀರು ಕುಡಿಸಿದ್ದರಿಂದ ಸಕ್ಕರೆ ಕಾಯಿಲೆಯ ಗುರುಬಾಯಿ ಕುಸಿದಳೆಂದು ಅವಳ ಪತಿ ಶರಣಪ್ಪನವರು ಸೇಡಂನ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಬರೆದಿರುವುದು ತಪ್ಪು. ಅವಳು ಕುಸಿದದ್ದು ಮೊದಲು. ಬೆಲ್ಲ ಬಂದದ್ದು ಅನಂತರ.

ಇಂದು ಮುಂಜಾನೆ ಮಹಾದೇವಿಯ ಮನೆಯ ಮದುವೆಗಾಗಿ ನಾವೆಲ್ಲ ಖಡಕ್ ರೊಟ್ಟಿ ಬಡಿಯುತ್ತಿದ್ದೆವು. ಯಾವುದೋ ವಿಡಿಯೋ ನೋಡಿ ಮಧ್ಯಾಹ್ನದವರೆಗೆ ಉಪವಾಸ ಹಿಡಿದಿರುವ ಗುರುಬಾಯಿ ಇದ್ದಕ್ಕಿದ್ದಂತೆ ಬೆವೆತು, ನಡುಗಿ, ಗೋಡೆಗೆ ಒರಗಿದಳು.

"ಮುಂಜಾನಿ ಸಕ್ರಿ ಗುಳಿಗಿ ತಗೊಂಡೀಯೇನ?" ಎಂದು ಕೇಳಿದೆ.

"ಹೂಂರಿ ಅಕ್ಕೋರೆ, ಗುಳಿಗಿ ಒಂದಿನಾನೂ ತಪ್ಸಿಲ್ಲ. ನಾಷ್ಟಾ ಅಷ್ಟೇ ಬಿಟ್ಟೀನಿ."

ಬೆಲ್ಲದ ನೀರು ತಂದರೆ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಬ್ಯಾಡ್ರಿ, ಮೊಬೈಲ್‌ನಾಗ ಅಲಾರಂ ಇನ್ನಾ ಆಗಿಲ್ಲ. ಉಪಾಸ ಮುರೀತದ!"

"ಅಲಾರಂ ಆಗೋತನ ನೀ ಇರಬೇಕಲ್ಲ? ತೆಗಿ ಬಾಯಿ!" ಎಂದು ಗದರಿ ಕುಡಿಸಿದೆ.

ತುಸು ಹೊತ್ತಿಗೆ ನಡುಕ ನಿಂತಿತು. ಆಸ್ಪತ್ರೆಗೆ ಕರೆದೊಯ್ದೆವು. ಗುಳಿಗೆ ನುಂಗಿ ಏನೂ ತಿನ್ನದ್ದರಿಂದ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತೆಂದೂ, ಆ ಗುಳಿಗೆ ನುಂಗುವವರು ತಮ್ಮನ್ನು ಕೇಳದೆ ಊಟ ಬಿಡಬಾರದೆಂದೂ ವೈದ್ಯರು ಅವಳಿಗೆ ಖಂಡಿತವಾಗಿ ಹೇಳಿದರು. ಗುರುಬಾಯಿ ಈಗ ಉಂಡು ಮಲಗಿದ್ದಾಳೆ.

ಸ್ಥಳದಲ್ಲಿದ್ದವರು: ಮಹಾದೇವಿ, ಅವಳ ಅತ್ತೆ ನೀಲಮ್ಮ, ಚಿತ್ತಾಪುರದಿಂದ ಬಂದಿದ್ದ ಶಾಂತಾಬಾಯಿ, ಗುರುಬಾಯಿ ಮತ್ತು ನಾನು. ಶರಣಪ್ಪನವರು ಚಿಂಚೋಳಿಯಲ್ಲಿದ್ದರು.